ಡಬ್ಲಿನ್ ಬಸ್ಸು ಹತ್ತಿದ ಅರ್ಜಿದಾರ

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಕಾನೂನಿನ ಬಗ್ಗೆ. ಯಾವ ನಿಯಮ ಯಾವಾಗ ಬದಲಾಯಿತು, ಏನೇನು ಓದಬೇಕು, ಪರೀಕ್ಷೆಯಲ್ಲಿ ಏನು ಕೇಳುತ್ತಾರೆ. ಕಾನೂನನ್ನು ಕಲಿಯಬಹುದು. ನನಗೆ ಬಿ.ಪಿ. ಮಾತ್ರೆ ಹತ್ತಿಸಿದ್ದು ಕಾನೂನಲ್ಲ, ನಮ್ಮ ಜನ. ಅದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮದುವೆಯಾಗಿ ಲಂಡನ್ನಿಗೆ ಬಂದವಳು. ಕಿಂಗ್ಸ್‌ಬರಿಯ ಮುಖ್ಯ ರಸ್ತೆಯಲ್ಲಿ, ಒಂದು ಸೀರೆ ಅಂಗಡಿಯ ಮೇಲಿನ ಎರಡು ಕೋಣೆಗಳ ಕಚೇರಿಯಲ್ಲಿ ವೀಸಾ ಸಲಹೆಗಾರ್ತಿಯಾಗಿ ನಿವೃತ್ತಿಯವರೆಗೂ ಕೂತೆ. ಬಡ್ತಿಯ ಕತೆ ಬಿಡುತ್ತೇನೆ. ಏರಿದ್ದೆಂದರೆ ಆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲುಗಳನ್ನು, ದಿನವೂ.

ಕಚೇರಿಯ ಯಜಮಾನರು ನೈರೋಬಿಯಿಂದ ಬಂದ ಗುಜರಾತಿ ವಕೀಲರು. ಎಲ್ಲರೂ ಶಾ ಸಾಹೇಬರು ಎನ್ನುತ್ತಿದ್ದರು. ಸಿಡುಕಿನ ಮನುಷ್ಯ. ಮೊದಲ ವಾರ ಬೆಳಗಾವಿಯ ಒಬ್ಬ ಅಜ್ಜಿಗೆ ನಾನು ಕನ್ನಡದಲ್ಲಿ ನಿಯಮಗಳನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಪ್ರತಿ ಮಾತಿಗೂ "ಹೂಂನವಾ, ಹೂಂ" ಎಂದು ತಲೆಯಾಡಿಸಿದರು. ನನಗೆ ನನ್ನ ಬಗ್ಗೆಯೇ ಹೆಮ್ಮೆ. ಮೆಟ್ಟಿಲು ಇಳಿಯುತ್ತ ಅಜ್ಜಿ ಮಗನನ್ನು ಕೇಳಿದ್ದು ನಮಗೆ ಮೇಲಿನವರೆಗೂ ಕೇಳಿಸಿತು: "ಆಕಿ ಏನಂದ್ಳೋ?"

ಆಕೆ ಕೇಳಿದ್ದೇನೆಂದು ನನ್ನಿಂದ ತಿಳಿದುಕೊಂಡು ಶಾ ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅರ್ಥ ಆಯಿತೇ ಎಂದು ಯಾರನ್ನೂ ಕೇಳಬೇಡ. ನಮ್ಮವರು ದೊಡ್ಡವರೆದುರು ಇಲ್ಲ ಎನ್ನುವುದಿಲ್ಲ. ನೀನು ಹೇಳಿದ್ದನ್ನು ಅವರ ಬಾಯಲ್ಲಿ ಹೇಳಿಸು," ಎಂದರು. ಅಂದಿನಿಂದ ಅದೇ ನನ್ನ ಪದ್ಧತಿ. ಎದುರು ಕೂತವರು ನಿಯಮವನ್ನು ತಮ್ಮ ಮಾತಿನಲ್ಲಿ ಒಪ್ಪಿಸುವವರೆಗೆ ನಾನು ಅವರನ್ನು ಕುರ್ಚಿಯಿಂದ ಏಳಲು ಬಿಡುತ್ತಿರಲಿಲ್ಲ. ಮೇಷ್ಟರಮ್ಮ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರಂತೆ. ಆಡಿಕೊಳ್ಳಲಿ.

ಆದರೆ ಒಪ್ಪಿಸಿದ ಮೇಲೂ ಏನು ಮಾಡಿಯಾರೆಂದು ಹೇಳಲಾಗದು. ಟೂಟಿಂಗ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದ ಕುಂದಾಪುರದ ರಾಘು ಎಂಬವನಿಗೆ, ಪಾಸ್‌ಪೋರ್ಟನ್ನು ಕಣ್ಣಿಗಿಂತ ಹೆಚ್ಚಾಗಿ ಕಾಪಾಡಿಕೋ ಎಂದು ಹೇಳಿ, ಅವನ ಬಾಯಲ್ಲೂ ಹೇಳಿಸಿದ್ದೆ. ಅವನು ಕಾಪಾಡಿಕೊಂಡ. ನವರಾತ್ರಿಯಲ್ಲಿ ಅದನ್ನು ಗ್ರೈಂಡರಿನ ಪಕ್ಕ ಮಣೆಯ ಮೇಲಿಟ್ಟು, ಒಳಪುಟ ಬಿಡಿಸಿ, ಅರಿಶಿನ ಕಲಸಿ ಹಚ್ಚಿ, ಕುಂಕುಮ ಇಟ್ಟು, ಆರತಿ ಎತ್ತಿದ್ದ. ಆ ಪುಟವನ್ನು ಯಾವ ಯಂತ್ರವೂ ಓದಲಿಲ್ಲ.

"ಪಾಸ್‌ಪೋರ್ಟಿಗೆ ಯಾರಾದರೂ ಆಯುಧಪೂಜೆ ಮಾಡ್ತಾರೇನಪ್ಪಾ?" ಎಂದು ಕೂಗಿದೆ.

"ಆಯ್ಧ ಅಲ್ದಾ ಅಕ್ಕ ಅದ್? ಅದಿಲ್ದಿರೆ ನಂಗ್ ಇಲ್ಲ್ ಕೆಲ್ಸ ಎಲ್ಲಿತ್ತ್?" ಎಂದ ರಾಘು, ನಾನೇ ದಡ್ಡಿ ಎನ್ನುವ ಹಾಗೆ.

ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದೆ, ಅಷ್ಟೆ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಎಲ್ಲ ಮೂಲಪ್ರತಿಗಳನ್ನೂ ದಪ್ಪ ಲಕೋಟೆಗೆ ತುಂಬಿ ಅಂಚೆಗೆ ಹಾಕುತ್ತಿದ್ದೆವು. ತರಕಾರಿ ತರುವ ಗಾಲಿ ಚೀಲದಲ್ಲಿ ಎಳೆದುಕೊಂಡು ಹೋಗುತ್ತಿದ್ದೆ. ಈಗ ಎಲ್ಲವೂ ಸ್ಕ್ಯಾನ್, ಅಪ್‌ಲೋಡ್. ಸುಲಭವಾಯಿತು ಎಂದು ಹೇಳುವವರು ನಮ್ಮ ಹಿರಿಯರು ಫೋನಿನಲ್ಲಿ ತೆಗೆದು ಕಳಿಸುವ ದಾಖಲೆಗಳನ್ನು ನೋಡಿಲ್ಲ. ಹೂವಿನ ಚಿತ್ತಾರದ ಹೊದಿಕೆಯ ಮೇಲೆ ಪೆನ್ಶನ್ ಪತ್ರ, ಅದರ ಮೂಲೆಯಲ್ಲಿ ಹೆಬ್ಬೆರಳು, ಆ ಪುಟದ ಕೆಳಗಿನ ಎರಡು ಸಾಲು ಇಲ್ಲ. "ಪೂರ್ತಿ ಪುಟ ಬೇಕು" ಎಂದರೆ, ಪುಟ ಪೂರ್ತಿ ಬರುತ್ತದೆ, ಜೊತೆಗೆ ಚಹಾದ ಕಪ್ಪು, ಟಿ.ವಿ. ರಿಮೋಟು, ಅವರ ಎರಡು ಪಾದಗಳೂ ಬರುತ್ತವೆ. ಶಾ ಸಾಹೇಬರು ತೀರಿಕೊಂಡ ಮೇಲೆ ಕಚೇರಿ ವಹಿಸಿಕೊಂಡ ಅವರ ಅಳಿಯ, ಪ್ರತಿ ಕ್ಲೈಂಟಿನ ಜೊತೆ ಎಷ್ಟು ಹೊತ್ತು ಮಾತಾಡಿದೆ ಎಂದು ಬರೆದಿಡಲು ಹೇಳಿದ. ಮಾತಾಡಿದ್ದನ್ನು ಬರೆಯಬಹುದಪ್ಪಾ, ಕೂಗಾಡಿದ್ದನ್ನು ಯಾವ ಕಾಲಮ್ಮಿಗೆ ಹಾಕಲಿ ಎಂದು ಕೇಳಿದ್ದೆ.

ಇದೆಲ್ಲ ನಗುವ ವಿಷಯ. ನಗಲಾಗದ ಒಂದು ಬೆಳಗು ನನ್ನ ತಲೆಯಲ್ಲಿ ಇನ್ನೂ ತಿರುಗುತ್ತಲೇ ಇದೆ. ಅಡುಗೆ ಮಾಡುವಾಗ, ಟ್ಯೂಬ್ ರೈಲಿನಲ್ಲಿ ಕೂತಾಗ, ಸುಮ್ಮನೆ ಗೋಡೆ ನೋಡುವಾಗ ಅದು ಮೊದಲಿನಿಂದ ಶುರುವಾಗುತ್ತದೆ. ನಾನು ಇನ್ನೊಂದಿಷ್ಟು ತಡವಾಗಿ ಫೋನ್ ಮಾಡಿದ್ದರೆ ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ.

ಹೆಸರು ಬದಲಿಸಿ ಹೇಳುತ್ತೇನೆ. ಶಂಕರಪ್ಪನವರು ಹುಬ್ಬಳ್ಳಿ ಕಡೆಯವರು, ಬಸ್ ಡಿಪೋ ಮ್ಯಾನೇಜರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ದುಬೈಯಲ್ಲಿ. ಅನ್ನಪೂರ್ಣಾ ಅದೇ ಕಡೆಯವರು, ನರ್ಸ್. ಚಿಕ್ಕ ವಯಸ್ಸಿನಲ್ಲೇ ಡಬ್ಲಿನ್ನಿನ ಆಸ್ಪತ್ರೆಗೆ ಹೋಗಿ, ಬಹಳ ವರ್ಷ ದುಡಿದು ಐರ್ಲೆಂಡಿನ ಪೌರತ್ವ ಪಡೆದವರು. ಆಮೇಲೆ ಲಂಡನ್ನಿಗೆ ಬಂದು ಬ್ರಿಟನ್ನಿನ ಪೌರತ್ವವನ್ನೂ ಪಡೆದರು. ಪರ್ಸಿನಲ್ಲಿ ಎರಡು ಪಾಸ್‌ಪೋರ್ಟು. ಮದುವೆಯ ಯೋಚನೆಯನ್ನೇ ಬಿಟ್ಟಿದ್ದ ಹೆಂಗಸು ಅರವತ್ತರ ಹೊಸ್ತಿಲಲ್ಲಿ ಶಂಕರಪ್ಪನವರನ್ನು ಮದುವೆಯಾಗಿ, ಕಿಂಗ್ಸ್‌ಬರಿಯ ತಮ್ಮ ಫ್ಲ್ಯಾಟಿಗೆ ಕರೆತಂದರು. ಶಂಕರಪ್ಪನವರು ಊರಿನ ಮನೆ ಖಾಲಿ ಮಾಡಿ, ಪಾತ್ರೆಪಗಡ ಹಂಚಿ ಬಂದಿದ್ದರು. ಅವರು ಬಂದ ವೀಸಾ ಮುಗಿಯುತ್ತ ಬಂದಿತ್ತು. ಅದನ್ನು ವಿಸ್ತರಿಸಬೇಕಿತ್ತು. ವಿಸ್ತರಣೆ ಕೈತಪ್ಪಿದರೆ ಈ ವಯಸ್ಸಿನಲ್ಲಿ ಗಂಡ ಒಂದು ದೇಶ, ಹೆಂಡತಿ ಒಂದು ದೇಶ. ಮತ್ತೆ ಮೊದಲಿನಿಂದ ಅರ್ಜಿ, ಎಷ್ಟು ಕಾಲ ಎಂದು ಯಾರೂ ಹೇಳಲಾರರು.

ಇಬ್ಬರೂ ಒಟ್ಟಿಗೆ ಬಾಳುತ್ತಿದ್ದಾರೆ ಎನ್ನುವುದಕ್ಕೆ ಪುರಾವೆ ಬೇಕು. ಮನೆಯ ಬಿಲ್ಲುಗಳೆಲ್ಲ ಅನ್ನಪೂರ್ಣಾ ಹೆಸರಿನಲ್ಲಿದ್ದವು.

"ಗ್ಯಾಸ್ ಬಿಲ್ಲಿಗಾದರೂ ಇವರ ಹೆಸರು ಸೇರಿಸಬಾರದಿತ್ತಾ?" ಎಂದೆ.

"ಯಾಕ್ರೀ ಮೇಡಂ? ಅಡಗಿ ಮಾಡಾಕಿ ನಾನಲ್ಲ?"

ಫೋಟೋ ಕೇಳಿದೆ. ರಾಶಿ ತಂದರು. ಪ್ರತಿಯೊಂದರಲ್ಲೂ ನಲವತ್ತು ಜನ ನೆಂಟರು, ಮೂಲೆಯಲ್ಲೆಲ್ಲೋ ಇವರಿಬ್ಬರು, ನಡುವೆ ಯಾರದೋ ಅತ್ತೆ.

"ಇಬ್ಬರೇ ಇರೋದು ಒಂದೂ ಇಲ್ವಾ?"

"ಇಬ್ಬರಽ ಇದ್ದಾಗ ಫೋಟೋ ಯಾರ ತಗೀತಾರ್ರೀ ಅಕ್ಕಾರ?" ಎಂದರು ಶಂಕರಪ್ಪ, ನಿಜವಾಗಿಯೂ ತಿಳಿಯದೆ.

ಹೀಗೆ ಹಲ್ಲು ಕಚ್ಚಿ ಹಲ್ಲು ಕಚ್ಚಿ ಅರ್ಜಿ ಹಾಕಿದೆವು. ಹಾಕಿದ ದಿನ ನನ್ನ ಪದ್ಧತಿಯಂತೆ ಕೂರಿಸಿ ಹೇಳಿದೆ: ಹಳೆಯ ವೀಸಾದ ಅವಧಿ ಮುಗಿದರೂ ತೀರ್ಮಾನ ಬರುವವರೆಗೆ ನೀವು ಇಲ್ಲಿ ಇರಬಹುದು. ಆ ಹಕ್ಕು ಇಲ್ಲಿರುವವರೆಗೆ ಮಾತ್ರ. ಈ ದೇಶ ಬಿಟ್ಟು ಹೊರಗೆ ಕಾಲಿಟ್ಟಿರೋ, ಅದು ಅಲ್ಲಿಗೇ ಸತ್ತಿತು. ಈಗ ನೀವು ಹೇಳಿ.

ಶಂಕರಪ್ಪ, ಕಂಡಕ್ಟರು ಊರ ಹೆಸರು ಕೂಗುವಂತೆ, ಒಪ್ಪಿಸಿದರು. "ಹೊರದೇಶಕ್ಕ ಹೋಗೂಹಂಗಿಲ್ಲ. ಇಂಡಿಯಾಕ್ಕ ಇಲ್ಲ. ಮಗಳು ದುಬೈಗೆ ಬಾ ಅಂದ್ರೂ ಇಲ್ಲ. ಯಾರರ ಸತ್ರೂ ಇಲ್ಲ." ಅನ್ನಪೂರ್ಣಾ ಪಕ್ಕದಲ್ಲಿ ಕೂತು, "ನಾ ಅದೀನಲ್ರಿ, ಬಿಡೂದಿಲ್ಲ" ಎಂದರು. ಇದಕ್ಕಿಂತ ಚೆನ್ನಾಗಿ ಯಾರೂ ಒಪ್ಪಿಸಿರಲಿಲ್ಲ.

ಹಳೆಯ ವೀಸಾ ಮುಗಿಯಿತು. ತೀರ್ಮಾನ ಬಂದಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ಬೆಳಗ್ಗೆ, ಕೌನ್ಸಿಲ್ಲಿನಿಂದ, ಅಂದರೆ ಇಲ್ಲಿಯ ಪುರಸಭೆಯಿಂದ, ಬಂದ ಇನ್ನೊಂದು ಪತ್ರ ಕಳಿಸಿ ಎಂದು ವೀಸಾ ಇಲಾಖೆಯಿಂದ ನಮಗೆ ಇಮೇಲ್ ಬಂತು. ನನ್ನೆದುರು ಸ್ಟ್ಯಾನ್ಮೋರ್‌ನ ಹಲ್ಲಿನ ಡಾಕ್ಟರೊಬ್ಬರು ಕೂತಿದ್ದರು. ಬೆಂಗಳೂರಿನವರು, ತಾಯಿಯ ವೀಸಾಕ್ಕೆ ಬಂದಿದ್ದರು, ಕಾರನ್ನು ಗಂಟೆ ಲೆಕ್ಕದ ಪಾರ್ಕಿಂಗ್ ಮೀಟರಿನಲ್ಲಿ ನಿಲ್ಲಿಸಿದ್ದೇನೆಂದು ಆಗಲೇ ಎರಡು ಸಲ ಹೇಳಿದ್ದರು. "ಒಂದೇ ಫೋನು" ಎಂದು ಅನ್ನಪೂರ್ಣಾಗೆ ಫೋನ್ ಮಾಡಿದೆ. ಗಾಡಿಯ ಸದ್ದು ಕೇಳಿಸಿತು.

"ಎಲ್ಲಿದ್ದೀರಾ?"

"ಬಸ್ಸಿನ್ಯಾಗ್ರಿ ಮೇಡಂ."

"ಪತ್ರ ಒಂದು ಬೇಕಿತ್ತು. ಮನೆಗೆ ಎಷ್ಟು ಹೊತ್ತಿಗೆ ಬರ್ತೀರಾ?"

"ನಾಳೆ ಸಂಜಿಗೆ ಬರ್ತೀವ್ರಿ."

ಯಾವ ಲಂಡನ್ ಬಸ್ಸೂ ನಾಳೆ ಸಂಜೆಗೆ ಮನೆ ಮುಟ್ಟಿಸುವಷ್ಟು ನಿಧಾನವಲ್ಲ. "ಯಾವ ಬಸ್ಸು?" ಎಂದೆ.

"ಡಬ್ಲಿನ್ ಬಸ್ರಿ. ಬೆಳಿಗ್ಗೆ ವಿಮಾನದಾಗ ಬೆಲ್‌ಫಾಸ್ಟಿಗೆ ಬಂದ್ವಿ. ನಾ ಯಾವಾಗ್ಲೂ ಹಿಂಗ ಬರೂದು, ಅಗ್ಗ ಆಕ್ಕೈತಿ."

"ನೀವೊಬ್ಬರೇ ತಾನೇ?"

"ಇಲ್ರಿ, ಇವ್ರೂ ಅದಾರ. ಕಿಟಕಿ ಕಡೆ ಕುಂತಾರ, ಮಾತಾಡ್ತಾರೇನು ಕೇಳ್ಲಿ?"

ಬೆಲ್‌ಫಾಸ್ಟ್ ಇರುವುದು ಉತ್ತರ ಐರ್ಲೆಂಡಿನಲ್ಲಿ. ಅದು ಬ್ರಿಟನ್ನಿನ ಆಡಳಿತಕ್ಕೆ ಸೇರಿದ ನೆಲ, ಅಲ್ಲಿಯವರೆಗೆ ಭಯವಿಲ್ಲ. ಡಬ್ಲಿನ್ ಇರುವುದು ಇನ್ನೊಂದು ದೇಶದಲ್ಲಿ. ನಡುವಿನ ಗಡಿಯಲ್ಲಿ ಗೇಟಿಲ್ಲ, ಕಂಬವಿಲ್ಲ, ಬಸ್ಸು ನಿಧಾನವಾಗುವುದೂ ಇಲ್ಲ. ಶಂಕರಪ್ಪನವರ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟು. ಐರ್ಲೆಂಡಿಗೆ ಹೋಗಲು ಅವರಿಗೆ ಬೇರೆಯೇ ವೀಸಾ ಬೇಕು, ಅದು ಇಲ್ಲ. ಆ ಕಾಣದ ಗೆರೆಯನ್ನು ಬಸ್ಸು ದಾಟಿದರೆ ಅವರು ಅತ್ತ ವೀಸಾ ಇಲ್ಲದೆ ನುಗ್ಗಿದವರು, ಇತ್ತ ಇರುವ ಹಕ್ಕು ಕಳೆದುಕೊಂಡವರು.

"ಅನ್ನಪೂರ್ಣಾ, ಹೊರದೇಶಕ್ಕೆ ಹೋಗಬಾರದು ಅಂತ ಹೇಳಿರಲಿಲ್ವಾ ನಾನು?"

"ಇದು ಹೊರದೇಶ ಹೆಂಗ ಆಕ್ಕೈತ್ರಿ? ನನ್ನ ತವರುಮನಿ ಇದ್ದಂಗ. ಎರಡೂ ಕಡೆ ನಾ ಸಿಟಿಜನ್. ಎರಡೂ ಕಡೆ ಇವ್ರು ನನ್ನ ಗಂಡ. ಮತ್ತೇನೈತ್ರಿ ಅದರಾಗ?"

ಈ ವಾದವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಮನುಷ್ಯರ ಮಟ್ಟಿಗೆ ಅದರಲ್ಲಿ ಎಲ್ಲಿ ತಪ್ಪು ಎಂದು ಹೇಳುವುದು ಕಷ್ಟ. ಆಕೆ ವರ್ಷಗಟ್ಟಲೆ ಆ ದಾರಿಯಲ್ಲಿ ಹೋಗಿ ಬಂದಿದ್ದಾರೆ, ಒಬ್ಬರೂ ತಡೆದು ಕೇಳಿಲ್ಲ. ಎರಡು ಪೌರತ್ವ ಇದ್ದವರಿಗೆ ಗಡಿ ಅನ್ನುವುದು ಮರೆತೇ ಹೋಗುತ್ತದೆ. ಪಕ್ಕದಲ್ಲಿ ಕೂತ ಗಂಡನ ಪಾಲಿಗೆ ಅದು ಇದೆ ಎಂದು ಅವರಿಗೆ ನೆನಪಾಗುವುದಿಲ್ಲ.

ಆದರೆ ಆಗ ಯೋಚನೆಗೆ ಸಮಯವಿರಲಿಲ್ಲ. ಕಂಪ್ಯೂಟರಿನಲ್ಲಿ ನಕ್ಷೆ ತೆರೆದೆ. "ರಸ್ತೆಯ ಬೋರ್ಡಿನಲ್ಲಿ ಏನು ಬರೆದಿದೆ ನೋಡಿ."

"ನ್ಯೂರಿ ಅಂತ ಬಂತ್ರಿ."

ನ್ಯೂರಿ ಗಡಿಗೆ ಮುಂಚಿನ ಕೊನೆಯ ಊರು. "ಈ ಕ್ಷಣ ಡ್ರೈವರಿಗೆ ಹೇಳಿ ಅವರನ್ನು ಇಳಿಸಿ. ಗಡಿ ದಾಟಿದರೆ ಅವರ ವೀಸಾ ಮುಗೀತು. ವಾಪಸ್ ಇಲ್ಲಿಗೆ ಬರೋಕಾಗಲ್ಲ. ಹುಬ್ಬಳ್ಳಿಗೇ ಹೋಗಬೇಕು."

ಆಮೇಲೆ ಶಂಕರಪ್ಪನವರ ದನಿ. ಹೆಂಡತಿಯ ಕೈಯಿಂದ ಫೋನ್ ತೆಗೆದುಕೊಂಡಿದ್ದರು.

"ಅಕ್ಕಾರ, ಇಲ್ಲಿ ಸ್ಟಾಪ್ ಇಲ್ರಿ."

"ಸ್ಟಾಪ್ ಇಲ್ದಿದ್ರೂ ಇಳೀರಿ!"

"ಹಂಗ ಬರೂದಿಲ್ರಿ. ಇದು ಎಕ್ಸ್‌ಪ್ರೆಸ್ ಗಾಡಿ. ನಡುವ ನಿಲ್ಲಸಿದ್ರ ಡ್ರೈವರನ ನೌಕರಿಗೆ ಬರ್ತೈತಿ. ನಾ ಡಿಪೋ ಮ್ಯಾನೇಜರ್ ಇದ್ದಾಂವ. ಪ್ಯಾಸೆಂಜರ್ ಗೋಗರದ ಅಂತ ನಿಲ್ಲಸಿದ ಡ್ರೈವರಗೋಳಿಗೆ ಎಷ್ಟ ಮೆಮೋ ಕೊಟ್ಟೇನಿ. ಈಗ ನಾನಽ ಹೋಗಿ ಹೆಂಗ ಕೇಳ್ಲಿ?"

ಅರವತ್ತೆಂಟು ದಾಟಿದ ಮನುಷ್ಯ, ಬದುಕು ಕೈಬಿಟ್ಟು ಹೋಗುತ್ತಿದೆ, ಈತ ಇನ್ನೊಂದು ದೇಶದ ಬಸ್ಸಿನ ಶಿಸ್ತು ಕಾಯುತ್ತಿದ್ದಾರೆ. ಅಷ್ಟರಲ್ಲಿ ಎದುರಿಗಿದ್ದ ಹಲ್ಲಿನ ಡಾಕ್ಟರು ಮೀಟರನ್ನು ಮರೆತು ಮೇಜಿನ ಮೇಲೆ ಬಾಗಿದ್ದರು.

"ವಾಂತಿ ಬರ್ತಿದೆ ಅನ್ನೋಕೆ ಹೇಳಿ ಮೇಡಂ," ಎಂದರು. "ಪ್ರಪಂಚದಲ್ಲಿ ಯಾವ ಡ್ರೈವರೂ ವಾಂತಿಗೆ ನಿಲ್ಲಿಸದೆ ಇರಲ್ಲ."

"ಶಂಕರಪ್ಪನವರೇ, ವಾಂತಿ ಬರ್ತಿದೆ ಅನ್ನಿ!"

"ಬರವಲ್ದಲ್ರಿ."

"ಬಂದ ಹಾಗೆ ಮಾಡಿ!"

"ಸುಳ್ಳ ಹೆಂಗ ಹೇಳ್ಲಿ ಅಕ್ಕಾರ, ಹಣಿ ಮ್ಯಾಲ ಇಬತ್ತಿ ಐತಿ."

ಡಾಕ್ಟರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ನನ್ನ ಬಾಯಿಂದ ಏನು ಬಂತೋ ನೆನಪಿಲ್ಲ, ಸೀರೆ ಅಂಗಡಿಯ ಹುಡುಗಿಯರು ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದರಂತೆ. ಫೋನಿನಲ್ಲಿ ಅನ್ನಪೂರ್ಣಾ ದನಿ ಮತ್ತೆ ಕೇಳಿತು. ಈ ಸಲ ಬೇರೆ ದನಿ, ವಾರ್ಡಿನಲ್ಲಿ ಕೇಳುವಂಥದ್ದು, ಗಂಡನಿಗೆ ಹೇಳಿದ್ದು. "ಸರೀರಿ ಒಂದೀಟು. ನಾ ಹೋಗಿ ಹೇಳ್ತೀನಿ." ಮತ್ತೆ ನನಗೆ, ಗಾಬರಿಯಲ್ಲಿ: "ಮೇಡಂ, ಈಗ ಫೋನಿಗೆ ಮೆಸೇಜ್ ಬಂತ್ರಿ. ಐರ್ಲೆಂಡಿಗೆ ಸ್ವಾಗತ ಅಂತೈತಿ."

ಫೋನ್ ಕಟ್ಟಾಯಿತು.

ಮತ್ತೆ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಡಾಕ್ಟರು ಒಂದು ಲೋಟ ನೀರು ತಂದಿಟ್ಟರು. ಗಡಿಯ ಹತ್ತಿರ ಆಚೆಯ ಟವರು ಈಚೆಯ ಫೋನುಗಳನ್ನು ಎಳೆದುಕೊಳ್ಳುತ್ತದೆ, ಮೆಸೇಜ್ ಬಂದರೆ ದಾಟಿದರೆಂದೇ ಅರ್ಥವಲ್ಲ ಎಂದು ಅವರೇ ಹೇಳಿದ್ದು. ಸಮಾಧಾನಕ್ಕೆ ಹೇಳಿದರೋ ತಿಳಿದು ಹೇಳಿದರೋ. ನಾನು ನಕ್ಷೆಯ ಮೇಲಿನ ಆ ಸಣ್ಣ ಗೆರೆಯನ್ನೇ ನೋಡುತ್ತ ಕೂತಿದ್ದೆ. ಪರದೆಯ ಮೇಲೆ ಅದೊಂದು ಕೂದಲೆಳೆಯಷ್ಟು. ಅರ್ಜಿ ತಿರಸ್ಕಾರವಾದ ಪತ್ರಗಳನ್ನು ಎಷ್ಟೋ ಜನಕ್ಕೆ ಓದಿ ಹೇಳಿದ್ದೇನೆ, ಅಳುವವರಿಗೆ ಟಿಶ್ಯೂ ಕೊಟ್ಟಿದ್ದೇನೆ. ಅವೆಲ್ಲ ಆಗಿಹೋದ ಮೇಲಿನ ಸಂಗತಿಗಳು. ಆಗುತ್ತಿರುವುದನ್ನು, ತಡೆಯಲಾಗದೆ, ಕಿವಿಯಲ್ಲಿ ಕೇಳಿಸಿಕೊಂಡದ್ದು ಅದೊಂದೇ ಸಲ.

ಕೊನೆಗೆ ಫೋನ್ ಬಂತು. ಶಂಕರಪ್ಪನವರು.

"ಇಳದೀವ್ರಿ."

"ಎಲ್ಲಿ? ಯಾವ ದೇಶದಲ್ಲಿ?"

"ಈಚಿ ಕಡಿನಽ ಅದೀವ್ರಿ ಅಕ್ಕಾರ. ಎದುರಿಗಿನ ಬೋರ್ಡಿನ್ಯಾಗ ಇನ್ನೂ ಮೈಲ್ ಅಂತ ಐತಿ. ಆಚಿ ಕಡೆ ಕಿಲೋಮೀಟರಂತ, ನಮ್ಮಾಕಿ ಹೇಳಿದ್ಳು."

ಜೀವನದುದ್ದಕ್ಕೂ ರಸ್ತೆಯ ಬೋರ್ಡು ಓದಿದ ಮನುಷ್ಯ. ನಾನು ನಂಬಿದೆ. ನಂಬಿ, ಕುರ್ಚಿಗೆ ಒರಗಿ, ಡಾಕ್ಟರ ಎದುರೇ ಅತ್ತೆ.

ಅನ್ನಪೂರ್ಣಾ ಡ್ರೈವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದ್ದರು: ನನ್ನ ಗಂಡ ಗಡಿ ದಾಟುವ ಹಾಗಿಲ್ಲ, ದಾಟಿದರೆ ನನ್ನಿಂದ ದೂರವಾಗುತ್ತಾರೆ. "ಆಂವ ನನ್ನ ಮಾರಿ ನೋಡಿದ, ಹಿಂದ ಇವ್ರ ಮಾರಿ ನೋಡಿದ. ಬೆಲ್‌ಫಾಸ್ಟಿನ್ಯಾಗಽ ಹೇಳಬಾರದೇನು ಅಂದ. ಮುಂದಿನ ತಿರುವಿನ್ಯಾಗ ಒಳಗ ತಗೊಂಡ್ ನಿಲ್ಲಿಸಿದ, ನೋಡ್ರಿ." ಇಳಿದವರು ಮೊದಲು ಮಾಡಿದ್ದೇನು? ಶಂಕರಪ್ಪನವರು ಬಾಗಿಲಲ್ಲೇ ನಿಂತು, ನಿಮಗೆ ಇದರಿಂದ ಮೆಮೋ ಬರುವುದಿಲ್ಲವಷ್ಟೇ ಎಂದು ಡ್ರೈವರನ್ನು ಕೇಳಿದ್ದರು. ಬರುವುದಿಲ್ಲ, ಈ ಕಡೆಯ ನಮಗೆಲ್ಲ ಗಡಿಯ ಕಷ್ಟ ಗೊತ್ತು ಎಂದು ಆತ ಹೇಳಿದನಂತೆ.

ನನಗೆ ಆಗ ಸಿಟ್ಟು ಬಂತು. ಭಯ ಇಳಿದ ಮೇಲೆ ಬರುವ ಸಿಟ್ಟು. "ಅಂಥ ತುರ್ತು ಏನಿತ್ತು ಡಬ್ಲಿನ್ನಿನಲ್ಲಿ? ಸ್ವಲ್ಪ ದಿನ ತಡೆಯೋಕೆ ಆಗ್ತಿರಲಿಲ್ವಾ?"

ಅನ್ನಪೂರ್ಣಾ ಹೇಳಿದರು. ಗಂಗಕ್ಕ ಎಂದು, ಬೈಲಹೊಂಗಲದವರು. ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಇವರ ಹಿರಿಯ ನರ್ಸ್ ಆಗಿದ್ದವರು. ಮೊದಲ ಚಳಿಗಾಲದಲ್ಲಿ ಕೋಟು ಕೊಡಿಸಿದವರು, ರೊಟ್ಟಿ ಬಡಿದು ಹಾಕಿದವರು, ಒಬ್ಬಳೇ ಇರಬೇಡ ಎಂದು ವರ್ಷಗಟ್ಟಲೆ ಬೈದು ಮದುವೆಗೆ ಒಪ್ಪಿಸಿದವರು. ಮದುವೆಗೆ ಬರಲು ಅವರಿಗೆ ಮೈ ಸರಿ ಇರಲಿಲ್ಲ. ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಉಡಿ ತುಂಬಬೇಕು, ತವರಿನವಳು ನಾನಲ್ಲದೆ ಇನ್ಯಾರು ಎಂದು ಕೇಳುತ್ತಲೇ ಇದ್ದರಂತೆ. ಇವತ್ತು ನಾಳೆ ಎಂದು ಮುಂದೆ ಹೋಯಿತು. ಈಗ ಕಾಯಿಲೆ ಎಲುಬಿಗೆ ಇಳಿದಿತ್ತು.

"ಇನ್ನ ಯಾವಾಗ ಹೋಗಬೇಕಿತ್ರಿ ಮೇಡಂ? ನೀವಽ ಹೇಳ್ರಿ."

ಅಲ್ಲಿಂದ ಬೆಲ್‌ಫಾಸ್ಟಿಗೆ ವಾಪಸ್ ಬಸ್ಸು ಹಿಡಿಯಿರಿ ಎಂದಷ್ಟೇ ಹೇಳಿದೆ. ಅವರು ಹಿಡಿಯಲಿಲ್ಲ. ನನ್ನ ಮಾತು ಯಾರು ಕೇಳುತ್ತಾರೆ? ಅನ್ನಪೂರ್ಣಾ ಡಬ್ಲಿನ್ನಿಗೆ ಫೋನ್ ಮಾಡಿ ಬರಲಾಗದು ಎಂದರೆ, ಗಂಗಕ್ಕ ತಮ್ಮ ಯಜಮಾನರಿಗೆ ಕಾರು ತೆಗೆಯಲು ಹೇಳಿದರಂತೆ. ಅವರಿಬ್ಬರೂ ಐರ್ಲೆಂಡಿನ ಪೌರರು. ಅವರಿಗೆ ಆ ಗೆರೆ ಇಲ್ಲ. ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸಿಕೊಂಡು ನ್ಯೂರಿಯ ಒಂದು ಸೂಪರ್‌ಮಾರ್ಕೆಟ್ಟಿನ ಕಾರ್ ಪಾರ್ಕಿಗೆ ಬಂದರು. ಇಳಿಯಲು ಆಗಲಿಲ್ಲ. ಅನ್ನಪೂರ್ಣಾ ಕಾರಿನ ಬಾಗಿಲಲ್ಲಿ ಮೊಣಕಾಲೂರಿ, ಕೋಟಿನ ಗುಂಡಿ ಬಿಚ್ಚಿ ಸೆರಗು ಒಡ್ಡಿದರು. ಶಂಕರಪ್ಪ ಪಕ್ಕದಲ್ಲಿ ಬಗ್ಗಿ ಕೂತರು. ಗಂಗಕ್ಕ ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು ಎಲ್ಲ ಹಾಕಿದರು. ಸ್ವಲ್ಪ ಅಕ್ಕಿ ಡಾಂಬರಿನ ಮೇಲೆ ಬಿತ್ತಂತೆ. ಇದನ್ನೆಲ್ಲ ನನಗೆ ಮರುದಿನ ಕಚೇರಿಗೆ ಬಂದು ಹೇಳಿದರು, ಕೌನ್ಸಿಲ್ಲಿನ ಪತ್ರವನ್ನೂ ತಂದಿದ್ದರು. ಅದರ ಜೊತೆ ಮುಷ್ಟಿಯಷ್ಟು ಉತ್ತತ್ತಿ ನನ್ನ ಮೇಜಿನ ಮೇಲಿಟ್ಟರು. ಬೈಯಬೇಕೆಂದು ತಯಾರಾಗಿದ್ದವಳು ಒಂದು ತಿಂದೆ.

ತೀರ್ಮಾನ ಇನ್ನೂ ಬಂದಿರಲಿಲ್ಲ, ಗಂಗಕ್ಕ ತೀರಿಕೊಂಡ ಸುದ್ದಿ ಬಂತು. ಅನ್ನಪೂರ್ಣಾ ಒಬ್ಬರೇ ಹೊರಟರು. ಮಣ್ಣು ಮಾಡುವ ದಿನ ಶಂಕರಪ್ಪನವರು ಬೆಳಿಗ್ಗೆಯೇ ನಮ್ಮ ಮೆಟ್ಟಿಲು ಹತ್ತಿ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಟೋಪಿ. ಕ್ಲೈಂಟುಗಳು ಕೂರುವ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತರು.

"ಏನಾದರೂ ಬೇಕಿತ್ತಾ?" ಎಂದೆ.

"ಏನಿಲ್ರಿ. ಎಲ್ಲೂ ಹೋಗಿಲ್ಲ ಅಂತ ನಿಮಗ ಕಾಣ್ಲಿ ಅಂತ ಬಂದೆ. ಮನ್ಯಾಗ ಇದ್ರ ಕಾಲು ತಡಿಯೂದಿಲ್ಲ."

ಇಡೀ ದಿನ ಕೂತರು. ಬಂದವರು ಹೋದರು, ಒಬ್ಬರಿಗೆ ಪೆನ್ನು ಕೊಟ್ಟರು, ಇನ್ನೊಬ್ಬರ ಮಗುವನ್ನು ಹಿಡಿದುಕೊಂಡರು. ಮಧ್ಯಾಹ್ನ ನನ್ನ ಡಬ್ಬಿಯ ಚಿತ್ರಾನ್ನ ಅರ್ಧ ಕೊಟ್ಟೆ. ಆಮೇಲೆ ಅನ್ನಪೂರ್ಣಾ ಫೋನ್ ಬಂತು. ಶಂಕರಪ್ಪನವರು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು. "ಮುಗೀತೇನು?" ಎಂದರು. "ನನ್ನ ಪರವಾಗಿ ಒಂದ ಹಿಡಿ ಮಣ್ಣ ಹಾಕಿದಿ?" ಎಂದರು. ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತಿದ್ದರು.

ಮುಂದಿನ ವಾರ ಮಂಜೂರಾತಿ ಬಂತು. ಇಬ್ಬರನ್ನೂ ಕರೆಸಿ, ಪರದೆಯ ಮೇಲೆ ತೋರಿಸಿ, ಓದಿ ಹೇಳಿದೆ. ಅನ್ನಪೂರ್ಣಾ ಮುಖ ಮುಚ್ಚಿಕೊಂಡರು. ಶಂಕರಪ್ಪನವರು ಕನ್ನಡಕ ಹಾಕಿಕೊಂಡು ತಾವೇ ಒಂದು ಸಲ ಓದಿದರು.

"ಇದು ಒಂದ ವಾರ ಮೊದಲ ಬಂದಿದ್ರ, ನಾನೂ ಮಣ್ಣಿಗೆ ಹೋಗಬೋದಿತ್ತು, ಅಲ್ರಿ ಅಕ್ಕಾರ?"

ಹೋಗಲಾಗುತ್ತಿರಲಿಲ್ಲ. ಇಲ್ಲಿಯ ವೀಸಾ ಕೈಗೆ ಬಂದಿದ್ದರೂ ಐರ್ಲೆಂಡಿಗೆ ಬೇರೆ ಅರ್ಜಿ, ಬೇರೆ ಕಾಯುವಿಕೆ. ಅದನ್ನು ಆ ದಿನ ಅವರು ಬಸ್ಸಿನಲ್ಲಿದ್ದಾಗಲೇ ಹೇಳಬೇಕಿತ್ತು, ಗಲಾಟೆಯಲ್ಲಿ ಹೇಳಿರಲಿಲ್ಲ. ನಿಯಮ ಹೇಳಿಯೇ ಇಷ್ಟು ವರ್ಷ ಹೊಟ್ಟೆ ಹೊರೆದವಳು ನಾನು. ಇದನ್ನೂ ಹೇಳಿ, ಅವರ ಬಾಯಲ್ಲೂ ಹೇಳಿಸಿ ಕಳಿಸುವುದು ನನ್ನ ಕೆಲಸ. ಹೊಸದಾಗಿ ಬರುವ ನಿಮಗೆ ನಾನು ಕಲಿಸುವುದೂ ಅದನ್ನೇ.

"ಹೌದು ಶಂಕರಪ್ಪನವರೇ, ಹೋಗಬಹುದಿತ್ತು," ಎಂದೆ.